ಅಕ್ಕಿಯ ಲೆಕ್ಕ: ಬಂಡಾಯದ ಯುದ್ಧದಲ್ಲಿ ಶ್ರೀಸಾಮಾನ್ಯನ ಸ್ಥಾನ

ನಮ್ಮ ವಾಚನಾಲಯಕ್ಕೆ ದಿನವೂ ಸಂಜೆ ಬಂದು ಇಂಗ್ಲಿಷ್ ಪತ್ರಿಕೆಯನ್ನು ಮೊದಲ ಪುಟದಿಂದ ಕಡೆಯ ಪುಟದವರೆಗೆ ಓದುವ ಹಿರಿಯರೊಬ್ಬರಿದ್ದಾರೆ. ವಯಸ್ಸು ಎಂಬತ್ತು ದಾಟಿದೆ. ಮನೆಮಾತು ತಮಿಳು, ಕನ್ನಡ ಕೇಳಿದರೆ ಅರ್ಥವಾಗುತ್ತದೆ, ಓದಲು ಬಾರದು. ಸಂಘದ ಬಾಗಿಲು ಎಲ್ಲರಿಗೂ ತೆರೆದಿರುವುದರಿಂದ ಅವರು ನಮ್ಮವರೇ ಆಗಿದ್ದಾರೆ. ಕಳೆದ ತಿಂಗಳ ಒಂದು ಭಾನುವಾರ ನಮ್ಮ ತರುಣ ಸದಸ್ಯರಿಬ್ಬರು ಪತ್ರಿಕೆ ಮುಂದಿಟ್ಟುಕೊಂಡು ವಾದಕ್ಕೆ ನಿಂತಿದ್ದರು. ವಿಮಾನ, ಟ್ಯಾಂಕು, ಫಿರಂಗಿಗಳುಳ್ಳ ದೊಡ್ಡ ಸೈನ್ಯವು ಕಾಡುಬೆಟ್ಟಗಳಲ್ಲಿ ಅಡಗಿದ ಸಣ್ಣ ಗುಂಪನ್ನು ವರ್ಷಗಟ್ಟಲೆ ಮಣಿಸಲಾರದೆ ಹೋಗುವುದೇಕೆ ಎಂಬುದು ಒಬ್ಬರ ಪ್ರಶ್ನೆ. ಬಂಡುಕೋರರ ಧೈರ್ಯವೇ ಕಾರಣವೆಂಬುದು ಇನ್ನೊಬ್ಬರ ಉತ್ತರ. ಹಿರಿಯರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, "ತಂಬಿ, ಅದು ಧೈರ್ಯದ ಮಾತಲ್ಲ, ಅನ್ನದ ಮಾತು" ಎಂದರು.

ಅವರು ಹುಟ್ಟಿದ್ದು ಮಲಯ ದೇಶದ ಒಂದು ರಬ್ಬರ್ ತೋಟದಲ್ಲಿ. ತಾಯಿ ಬೆಳಕು ಹರಿಯುವ ಮುನ್ನ ಎದ್ದು ಮರಗಳಿಗೆ ಗೀರು ಹಾಕಿ ಹಾಲು ಇಳಿಸಲು ಹೋಗುತ್ತಿದ್ದರಂತೆ. ಅದು 1951ನೆಯ ಇಸವಿಯ ಸುಮಾರು. ಇವರಿಗೆ ಎಂಟು ವರ್ಷ. ತೋಟದ ಲೈನುಮನೆಗಳ ಸುತ್ತ ಮುಳ್ಳುತಂತಿ ಬಿದ್ದಿತ್ತು. ಗೇಟಿನಲ್ಲಿ ಪೊಲೀಸರು ಪ್ರತಿಯೊಬ್ಬರನ್ನೂ ನಿಲ್ಲಿಸಿ ಸೋದಿಸುತ್ತಿದ್ದರು. ಒಂದು ಹಿಡಿ ಅನ್ನವನ್ನೂ ಹೊರಗೆ ಒಯ್ಯುವಂತಿರಲಿಲ್ಲ. ಒಂದು ದಿನ ತಾಯಿ ಸೆರಗಿನೊಳಗೆ ಚಿಕ್ಕ ಡಬ್ಬಿಯಲ್ಲಿ ತಂಗಳನ್ನ ಇಟ್ಟುಕೊಂಡಿದ್ದರು. ಹೊಟ್ಟೆ ನೋವಿನ ಹೆಂಗಸು. ಮಧ್ಯಾಹ್ನದವರೆಗೆ ಬರಿಹೊಟ್ಟೆಯಲ್ಲಿ ನಿಲ್ಲಲಾರರು. ಗೇಟಿನವನು ಡಬ್ಬಿ ತೆಗೆಸಿ ಅನ್ನವನ್ನು ಮಣ್ಣಿಗೆ ಸುರಿದನು. ತಾಯಿ ಅವನಿಗೆ ಏನೂ ಅನ್ನಲಿಲ್ಲ. ಮನೆಗೆ ಬಂದು, "ಅನ್ನಕ್ಕೂ ಕಾವಲು ಹಾಕಿಬಿಟ್ಟರಪ್ಪಾ" ಎಂದಷ್ಟೇ ಹೇಳಿದರಂತೆ.

ಈ ಮಾತು ನಮ್ಮ ಮನಸ್ಸಿನಿಂದ ಹೋಗಲಿಲ್ಲ. ನಾವು ಮೆಟ್ರಿಕ್ಯುಲೇಷನ್‌ವರೆಗೆ ಓದಿದವರು. ಅಕ್ಕಿ ಗಿರಣಿಯೊಂದರಲ್ಲಿ ಗುಮಾಸ್ತೆಯ ಕೆಲಸ. ಯುದ್ಧಶಾಸ್ತ್ರ ನಮ್ಮ ವಿಷಯವಲ್ಲ. ಆದರೆ ಅಕ್ಕಿಯ ಒಳಬರವು, ಹೊರಹೋಕು ದಿನವೂ ನಮ್ಮ ಕೈಯಿಂದಲೇ ಪುಸ್ತಕಕ್ಕೆ ಏರುತ್ತವೆ. ಅಕ್ಕಿಯ ಲೆಕ್ಕದಿಂದ ಒಂದು ಯುದ್ಧವನ್ನು ನಡೆಸಿದರೆಂದರೆ ಅದನ್ನು ತಿಳಿಯಲೇಬೇಕೆನಿಸಿ, ಸಿಕ್ಕ ಪುಸ್ತಕಗಳನ್ನು ಓದಿದೆವು. ತಿಳಿದಷ್ಟನ್ನು ಕ್ರಮವಾಗಿ ಇಲ್ಲಿ ಬರೆಯುತ್ತಿದ್ದೇವೆ.

1. ಇದು ಯಾವ ಬಗೆಯ ಯುದ್ಧ?

ಎರಡು ರಾಜ್ಯಗಳ ನಡುವಿನ ಯುದ್ಧದಲ್ಲಿ ಗಡಿ ಇರುತ್ತದೆ, ಸಮವಸ್ತ್ರವಿರುತ್ತದೆ; ಶತ್ರು ಎಲ್ಲಿರುವನೆಂಬುದು ನಕ್ಷೆಯಲ್ಲಿ ಕಾಣುತ್ತದೆ. ಬಂಡಾಯದ ಯುದ್ಧದಲ್ಲಿ ಇವು ಯಾವುವೂ ಇಲ್ಲ. ಹಗಲು ಹೊಲ ಉಳುವವನು ರಾತ್ರಿ ಬಂದೂಕು ಹಿಡಿಯಬಹುದು. ಬಂದೂಕನ್ನೇ ಹಿಡಿಯದವನು ದಾರಿ ತೋರಿಸಬಹುದು, ಸುದ್ದಿ ಮುಟ್ಟಿಸಬಹುದು, ಒಂದು ಸೇರು ಅಕ್ಕಿ ಕೊಡಬಹುದು. ಚೀನದ ಮಾವೋ 1930ರ ದಶಕದಲ್ಲಿ ಗೆರಿಲ್ಲಾ ಯುದ್ಧದ ಬಗೆಗೆ ಬರೆಯುತ್ತ ಜನರನ್ನು ನೀರಿಗೂ ಹೋರಾಟಗಾರರನ್ನು ಮೀನಿಗೂ ಹೋಲಿಸಿದುದು ಪ್ರಸಿದ್ಧವಾಗಿದೆ. ನೀರಿಲ್ಲದೆ ಮೀನು ಬದುಕಲಾರದು. ಇದನ್ನು ಬಂಡುಕೋರರು ಹೇಗೆ ಕಲಿತರೋ, ಅವರನ್ನು ಅಡಗಿಸಲು ಹೊರಟವರೂ ಹಾಗೆಯೇ ಕಲಿತರು.

ಈ ಎರಡನೆಯ ಪಕ್ಷದ ಶಾಸ್ತ್ರವನ್ನು ಸ್ಪಷ್ಟವಾಗಿ ಬರೆದವರಲ್ಲಿ ಇಬ್ಬರು ಮುಖ್ಯರು. ಒಬ್ಬನು ಡೇವಿಡ್ ಗಲುಲಾ ಎಂಬ ಫ್ರೆಂಚ್ ಸೇನಾಧಿಕಾರಿ; ಅಲ್ಜೀರಿಯದಲ್ಲಿ 1956ರಿಂದ 1958ರವರೆಗೆ ದುಡಿದು, 1964ರಲ್ಲಿ ತನ್ನ ಗ್ರಂಥವನ್ನು ಪ್ರಕಟಿಸಿದನು. ಇನ್ನೊಬ್ಬನು ರಾಬರ್ಟ್ ಥಾಂಪ್ಸನ್ ಎಂಬ ಬ್ರಿಟಿಷ್ ಅಧಿಕಾರಿ. ಮಲಯದ ಅನುಭವವನ್ನು 1966ರಲ್ಲಿ ಪುಸ್ತಕ ಮಾಡಿದನು.

ಗಲುಲಾನ ವಿಚಾರದ ತಿರುಳು ಹೀಗಿದೆ. ಯಾವ ಬಂಡಾಯದಲ್ಲಿಯೂ ಜನರು ಮೂರು ಪಾಲಾಗಿರುತ್ತಾರೆ. ಒಂದು ಸಣ್ಣ ಪಾಲು ಸರ್ಕಾರದ ಕಡೆ ಗಟ್ಟಿಯಾಗಿ ನಿಂತಿರುತ್ತದೆ. ಇನ್ನೊಂದು ಸಣ್ಣ ಪಾಲು ಬಂಡುಕೋರರ ಕಡೆ ನಿಂತಿರುತ್ತದೆ. ನಡುವೆ ಇರುವ ದೊಡ್ಡ ಪಾಲು ಯಾರ ಕಡೆಯೂ ಅಲ್ಲ; ಅದಕ್ಕೆ ಬೇಕಾದುದು ಬದುಕುವುದು. ಈ ನಡುವಿನವರು ಭಾಷಣ ಕೇಳಿ ಪಕ್ಷ ಸೇರುವುದಿಲ್ಲ. ಯಾರ ಕಡೆ ಸೇರಿದರೆ ನಾಳೆ ತಲೆ ಉಳಿಯುವುದು, ಯಾರು ಕೊನೆಗೆ ಗೆಲ್ಲುವರು, ಯಾರು ತನ್ನನ್ನು ಕಾಪಾಡಬಲ್ಲರು ಎಂದು ಅವರು ನೋಡುತ್ತಾರೆ. ಆದುದರಿಂದ ಜನಬೆಂಬಲವೆಂಬುದು ಷರತ್ತಿನ ವಸ್ತು. ಕಾಪಾಡಲಾರದವನಿಗೆ ಅದು ದೊರೆಯುವುದಿಲ್ಲ; ದೊರೆತರೂ ನಿಲ್ಲುವುದಿಲ್ಲ.

ಥಾಂಪ್ಸನ್ ಹೇಳಿದ ಐದು ಸೂತ್ರಗಳನ್ನು ನೆನಪಿಡುವುದು ಸುಲಭ. ಸರ್ಕಾರಕ್ಕೆ ಸ್ಪಷ್ಟವಾದ ರಾಜಕೀಯ ಗುರಿ ಇರಬೇಕು. ಸರ್ಕಾರ ತಾನೇ ಕಾನೂನಿಗೆ ಒಳಪಟ್ಟು ನಡೆಯಬೇಕು. ಸೈನ್ಯ, ಪೊಲೀಸು, ಆಡಳಿತ ಎಲ್ಲಕ್ಕೂ ಒಂದೇ ಯೋಜನೆ ಇರಬೇಕು. ಕಾಡಿನ ಗೆರಿಲ್ಲಾನಿಗಿಂತ ಊರಿನೊಳಗಿನ ಗುಪ್ತ ಸಂಘಟನೆಯನ್ನು ಮೊದಲು ಮುರಿಯಬೇಕು. ತನ್ನ ಕೈಯಲ್ಲಿರುವ ನೆಲವನ್ನು ಮೊದಲು ಭದ್ರಮಾಡಿಕೊಳ್ಳಬೇಕು. ಈ ಸೂತ್ರಗಳು ಹುಟ್ಟಿದುದು ಮಲಯದಲ್ಲಿ. ಆದುದರಿಂದ ನಾವೂ ಅಲ್ಲಿಗೇ ಹೋಗೋಣ.

2. ಮಲಯದಲ್ಲಿ ಬೆಂಕಿ ಹತ್ತಿದ ಬಗೆ

ಎರಡನೆಯ ಮಹಾಯುದ್ಧದಲ್ಲಿ ಜಪಾನೀಯರು 1942ರಲ್ಲಿ ಮಲಯವನ್ನು ಹಿಡಿದರು. ಅವರ ವಿರುದ್ಧ ಕಾಡಿನಲ್ಲಿ ಹೋರಾಡಿದವರು ಹೆಚ್ಚಾಗಿ ಚೀನೀ ಮೂಲದ ಕಮ್ಯೂನಿಸ್ಟರು. ಆಗ ಬ್ರಿಟಿಷರೇ ಅವರಿಗೆ ಆಯುಧ, ತರಬೇತಿ ಕೊಟ್ಟರು. ಅವರ ಮುಂದಾಳಾದ ಚಿನ್ ಪೆಂಗನಿಗೆ ಯುದ್ಧಾನಂತರ ಬ್ರಿಟಿಷ್ ಪದವಿಯೂ ಸಂದಿತು. ಮುಂದೆ ಅದನ್ನು ಹಿಂದಕ್ಕೆ ಪಡೆದರು. ನಿನ್ನೆಯ ಮಿತ್ರ ಇಂದಿನ ವೈರಿಯಾದ ಉದಾಹರಣೆಗಳಲ್ಲಿ ಇದೂ ಒಂದು.

ಜಪಾನೀ ಆಳ್ವಿಕೆಯ ಕಾಲದಲ್ಲಿ ಪಟ್ಟಣಗಳಲ್ಲಿ ಕೆಲಸವಿಲ್ಲದೆ, ಅನ್ನವಿಲ್ಲದೆ, ಪ್ರಾಣಭಯದಿಂದ ಚೀನೀ ಕುಟುಂಬಗಳು ಕಾಡಿನಂಚಿಗೆ ಹೋಗಿ ತರಕಾರಿ, ಗೆಣಸು ಬೆಳೆಯುತ್ತ, ಹಂದಿ ಸಾಕುತ್ತ ನೆಲೆಸಿದ್ದವು. ನೆಲಕ್ಕೆ ಹಕ್ಕುಪತ್ರವಿಲ್ಲ. ಶಾಲೆಯಿಲ್ಲ, ಆಸ್ಪತ್ರೆಯಿಲ್ಲ, ಪೊಲೀಸು ಠಾಣೆಯಿಲ್ಲ. ಇಂಥವರು ಸುಮಾರು 5 ಲಕ್ಷ ಜನರಿದ್ದರು. ಇಡೀ ಮಲಯದ ಜನಸಂಖ್ಯೆಯೇ ಆಗ ಸುಮಾರು 50 ಲಕ್ಷ. ಅಂದರೆ ಹತ್ತರಲ್ಲಿ ಒಬ್ಬರು ಸರ್ಕಾರದ ಕಣ್ಣಿಗೆ ಬೀಳದೆ ಬದುಕುತ್ತಿದ್ದರು.

1948ರ ಜೂನ್ 16ರಂದು ಪೇರಾಕ್ ಪ್ರಾಂತದ ಸುಂಗೈ ಸಿಪುಟ್ ಬಳಿ ಮೂವರು ಐರೋಪ್ಯ ತೋಟಗಾರರ ಕೊಲೆಯಾಯಿತು. ಸರ್ಕಾರ ತುರ್ತುಪರಿಸ್ಥಿತಿಯನ್ನು ಸಾರಿತು. ಹನ್ನೆರಡು ವರ್ಷ ನಡೆದ ಈ ಕದನವನ್ನು ಬ್ರಿಟಿಷರು ಯುದ್ಧವೆಂದು ಕರೆಯಲೇ ಇಲ್ಲ. ಯುದ್ಧವೆಂದರೆ ರಬ್ಬರ್ ತೋಟಗಳಿಗೂ ತವರದ ಗಣಿಗಳಿಗೂ ವಿಮೆಯ ಹಣ ಬರುತ್ತಿರಲಿಲ್ಲ ಎಂಬುದನ್ನು ಇದಕ್ಕೆ ಕಾರಣವಾಗಿ ಹೇಳುತ್ತಾರೆ.

ಬಂಡುಕೋರರು ಹೆಚ್ಚಿದ್ದಾಗಲೂ ಸುಮಾರು 8,000 ಜನ ಮಾತ್ರ. ಆದರೆ ಅವರ ಹಿಂದೆ "ಮಿನ್ ಯುಎನ್" ಎಂಬ ಗುಪ್ತ ಜನಸಂಘಟನೆ ಇತ್ತು. ಬಂದೂಕು ಹಿಡಿಯದ ರೈತ, ಅಂಗಡಿಯವ, ರಬ್ಬರ್ ಕೂಲಿ, ಶಾಲೆಯ ಹುಡುಗ ಇದರ ಸದಸ್ಯರು. ಅಕ್ಕಿ, ಔಷಧಿ, ಚಂದಾಹಣ, ಸುದ್ದಿ ಇವರ ಮೂಲಕ ಕಾಡಿಗೆ ಹೋಗುತ್ತಿದ್ದವು. ಎಲ್ಲರೂ ಮನಸ್ಸಿನಿಂದ ಕೊಟ್ಟರೆಂದು ತಿಳಿಯಬಾರದು. ಒಲವಿನಿಂದ ಕೊಟ್ಟವರಿದ್ದರು, ನಂಟರು ಕಾಡಿನಲ್ಲಿದ್ದುದರಿಂದ ಕೊಟ್ಟವರಿದ್ದರು, ಕೊಡದಿದ್ದರೆ ಕುತ್ತಿಗೆ ಹೋಗುವುದೆಂದು ಕೊಟ್ಟವರೂ ಇದ್ದರು.

3. ಮೊದಲ ಎರಡು ವರ್ಷಗಳ ತಪ್ಪು

ಸೈನ್ಯವು ಮೊದಲು ಮಾಡಿದುದು ತನಗೆ ಗೊತ್ತಿದ್ದ ಕೆಲಸವನ್ನೇ. ದೊಡ್ಡ ತುಕಡಿಗಳು ಕಾಡನ್ನು ಜಾಲಾಡಿದವು. ಬಂಡುಕೋರರು ಸದ್ದು ಕೇಳಿ ಸರಿದುಹೋದರು. ಸೈನಿಕರ ಸಿಟ್ಟು ಕೈಗೆ ಸಿಕ್ಕಿದವರ ಮೇಲೆ ತಿರುಗಿತು. ಗುಡಿಸಲುಗಳಿಗೆ ಬೆಂಕಿ ಬಿತ್ತು. ವಿಚಾರಣೆಯಿಲ್ಲದೆ ಸಾವಿರಾರು ಜನರನ್ನು ಬಂಧಿಸಿದರು; ಸಾವಿರಾರು ಜನರನ್ನು ಚೀನಕ್ಕೆ ಗಡೀಪಾರು ಮಾಡಿದರು. 1948ರ ಡಿಸೆಂಬರಿನಲ್ಲಿ ಬಾತಾಂಗ್ ಕಾಲಿ ಎಂಬ ತೋಟದ ಹಳ್ಳಿಯಲ್ಲಿ ಬ್ರಿಟಿಷ್ ಸೈನಿಕರು 24 ನಿರಾಯುಧ ಜನರನ್ನು ಗುಂಡಿಟ್ಟು ಕೊಂದರು. ಸತ್ತವರ ಮಕ್ಕಳು, ಮೊಮ್ಮಕ್ಕಳು ನ್ಯಾಯ ಬೇಡಿ ಲಂಡನ್ನಿನ ಸರ್ವೋಚ್ಚ ನ್ಯಾಯಾಲಯದವರೆಗೂ ಹೋದರು. 2015ರಲ್ಲಿ ಆ ನ್ಯಾಯಾಲಯ ಹೊಸ ವಿಚಾರಣೆಗೆ ಆಜ್ಞೆ ಮಾಡಲು ಒಪ್ಪಲಿಲ್ಲ. ಅರುವತ್ತೇಳು ವರ್ಷವಾದರೂ ಆ ನೋವು ಆರಿರಲಿಲ್ಲ ಎಂಬುದನ್ನು ಓದುಗರು ಗಮನಿಸಬೇಕು.

ಇಂಥ ಕಾರ್ಯಗಳ ಫಲವೇನು? ನಡುವಿನ ಜನರಿಗೆ ಸರ್ಕಾರವು ಕಾಪಾಡುವ ಕೈಯಾಗಿ ಕಾಣಲಿಲ್ಲ. ಮನೆ ಸುಟ್ಟವನಿಗೆ ಸುದ್ದಿ ತಂದುಕೊಡುವವರು ಯಾರು? ಸುದ್ದಿಯಿಲ್ಲದ ಸೈನ್ಯ ಕುರುಡು. ಹೀಗೆ 1950ರ ವೇಳೆಗೆ ಬಂಡಾಯ ಕುಗ್ಗುವುದರ ಬದಲು ಬೆಳೆದಿತ್ತು.

4. ಬ್ರಿಗ್ಸ್ ಯೋಜನೆಯೂ ಅಕ್ಕಿಯ ಲೆಕ್ಕವೂ

1950ರ ಏಪ್ರಿಲಿನಲ್ಲಿ ಸರ್ ಹೆರಾಲ್ಡ್ ಬ್ರಿಗ್ಸ್ ಎಂಬ ನಿವೃತ್ತ ಸೇನಾನಿಯನ್ನು ಮಲಯಕ್ಕೆ ಕರೆಸಿದರು. ಆತನು ಮಹಾಯುದ್ಧದಲ್ಲಿ ಭಾರತೀಯ ಸೈನ್ಯದ 5ನೆಯ ಡಿವಿಜನ್ನನ್ನು ನಡೆಸಿದವನು. ಕಾಡಿನಲ್ಲಿ ಮೀನು ಹಿಡಿಯಲು ಓಡಾಡುವ ಬದಲು ನೀರನ್ನೇ ಬೇರ್ಪಡಿಸಬೇಕೆಂಬುದು ಆತನ ಯೋಜನೆ. ಕಾಡಿನಂಚಿನ ಸುಮಾರು 5 ಲಕ್ಷ ಜನರನ್ನು ಎಬ್ಬಿಸಿ, ನಾನೂರೈವತ್ತಕ್ಕೂ ಹೆಚ್ಚು "ಹೊಸ ಹಳ್ಳಿ"ಗಳಲ್ಲಿ ನೆಲೆಗೊಳಿಸಿದರು. ಸುತ್ತ ಮುಳ್ಳುತಂತಿ, ರಾತ್ರಿ ದೀಪ, ಕಾವಲುಗೋಪುರ, ಗೇಟಿನಲ್ಲಿ ಸೋದನೆ. ಎಲ್ಲರಿಗೂ ಭಾವಚಿತ್ರವಿರುವ ಗುರುತಿನ ಚೀಟಿ. ತೋಟದ ಕೂಲಿಗಳನ್ನೂ ಹೀಗೆಯೇ ಒಂದೆಡೆ ಸೇರಿಸಿದರು. ನಮ್ಮ ಹಿರಿಯರ ತಾಯಿ ನಿಂತ ಗೇಟು ಇಂಥದೇ.

1951ರ ಜೂನಿನಿಂದ ಅನ್ನದ ಮೇಲಿನ ಕಾವಲು ಬಿಗಿಯಾಯಿತು. ಇಲ್ಲಿ ನಮ್ಮ ಕಸುಬಿನ ಲೆಕ್ಕವೊಂದನ್ನು ಓದುಗರ ಮುಂದಿಡುತ್ತೇವೆ. ಕಾಡಿನಲ್ಲಿ ನಡೆದು ದುಡಿಯುವ ಗಂಡಾಳಿಗೆ ದಿನಕ್ಕೆ ಅರ್ಧ ಕಿಲೋ ಅಕ್ಕಿ ಬೇಕೆಂದು ಹಿಡಿಯೋಣ. 8,000 ಜನರಿಗೆ ದಿನಕ್ಕೆ 4,000 ಕಿಲೋ; ಅಂದರೆ 50 ಕಿಲೋ ತೂಗುವ 80 ಚೀಲ. ತಿಂಗಳಿಗೆ 2,400 ಚೀಲ. ನಮ್ಮ ಗಿರಣಿಯ ಅಂಗಳದಿಂದ ಇಷ್ಟನ್ನು ಸಾಗಿಸಲು ಹತ್ತು ಟನ್ನಿನ ಲಾರಿಗಳು ಹನ್ನೆರಡು ಬೇಕು. ಕಾಡಿನ ಬಂಡುಕೋರರಿಗೆ ಲಾರಿಯಿಲ್ಲ. ಈ ಅಕ್ಕಿಯೆಲ್ಲ ಒಂದೊಂದು ಹಿಡಿಯಾಗಿ, ಸೈಕಲ್ಲಿನ ಕೊಳವೆಯಲ್ಲಿ, ಎರಡು ತಳದ ಬಕೆಟ್ಟಿನಲ್ಲಿ, ಹೆಂಗಸರ ಮಡಿಲಿನಲ್ಲಿ ಹೊರಗೆ ಹೋಗಬೇಕು. ಇಷ್ಟು ಜನ ದಿನವೂ ಕೊಟ್ಟರೆ ಮಾತ್ರ ಆ ಬಂಡಾಯ ಬದುಕುವುದು. ಜನಬೆಂಬಲವೆಂಬ ದೊಡ್ಡ ಮಾತಿನ ಅರ್ಥ ನಮಗೆ ಈ ಲೆಕ್ಕ ಮಾಡಿದಾಗಲೇ ಆಯಿತು.

ಸರ್ಕಾರವೂ ಇದೇ ಲೆಕ್ಕವನ್ನು ಮಾಡಿತು. ಕುಟುಂಬಕ್ಕೆ ಇಂತಿಷ್ಟೇ ಅಕ್ಕಿಯೆಂದು ಪಡಿತರ ಗೊತ್ತುಮಾಡಿತು. ಡಬ್ಬಿಯ ಆಹಾರವನ್ನು ಮಾರುವಾಗ ಅಂಗಡಿಯವನು ಡಬ್ಬಿಗೆ ತೂತು ಹೊಡೆದೇ ಕೊಡಬೇಕು. ಕೆಡುವ ಮುನ್ನ ಅಲ್ಲಿಯೇ ತಿಂದು ಮುಗಿಸಲಿ ಎಂದು. ಮುಂದಿನ ವರ್ಷಗಳಲ್ಲಿ ಕೆಲವು ಕಡೆ ಮನೆಗೆ ಅಕ್ಕಿ ಕೊಡುವುದನ್ನೇ ನಿಲ್ಲಿಸಿ, ಸಾಮೂಹಿಕ ಅಡಿಗೆಮನೆಯಲ್ಲಿ ಬೇಯಿಸಿದ ಅನ್ನವನ್ನೇ ಅಳೆದು ಕೊಟ್ಟರು. ಅಕ್ಕಿ ಚೀಲದಲ್ಲಿ ತಿಂಗಳುಗಟ್ಟಲೆ ಇರುತ್ತದೆ. ಅನ್ನ ಆ ಸೆಖೆಯಲ್ಲಿ ಮರುದಿನಕ್ಕೆ ಹಳಸುತ್ತದೆ. ಅಲ್ಲದೆ ಅನ್ನವಾದರೆ ತೂಕವೂ ಗಾತ್ರವೂ ಎರಡು ಮೂರು ಪಟ್ಟಾಗುವುದರಿಂದ ಅಡಗಿಸಿ ಒಯ್ಯುವುದೂ ಕಷ್ಟ. ಕಾಡಿನೊಳಗೆ ಬಂಡುಕೋರರು ತಾವೇ ಬೆಳೆ ತೆಗೆಯಹೋದರೆ ವಿಮಾನದಿಂದ ಆ ಹಸಿರು ಚೌಕಗಳು ಕಾಣುತ್ತಿದ್ದವು. ಅವುಗಳ ಮೇಲೆ ವಿಷದ್ರವ ಸುರಿದು ಒಣಗಿಸಿದರು.

ಇದರಲ್ಲಿ ಜಾಣತನವಿದೆ ಎಂಬುದನ್ನು ಒಪ್ಪಬೇಕು. ಆದರೆ ಇದರ ಬೆಲೆಯನ್ನು ತೆತ್ತವರು ಯಾರೆಂಬುದನ್ನು ಮರೆಯಬಾರದು. ಬೆಳಗಿನ ಜಾವ ಲಾರಿಗಳು ಬಂದು ನಿಂತು, ಕೈಗೆ ಸಿಕ್ಕಿದಷ್ಟು ಸಾಮಾನು ಹೇರಿಕೊಂಡು ಹೊರಡಿರೆಂದರೆ, ಬೆಳೆದು ನಿಂತ ಪೈರನ್ನೂ ಕಟ್ಟಿದ ಮನೆಯನ್ನೂ ಬಿಟ್ಟು ಹೋದವರು ಯಾವ ತಪ್ಪು ಮಾಡಿದ್ದರು? ಮಣ್ಣಿಗೆ ಬಿದ್ದ ಆ ತಾಯಿಯ ತಂಗಳನ್ನ ಯಾವ ಬಂಡುಕೋರನ ಹೊಟ್ಟೆಗೆ ಹೋಗುತ್ತಿತ್ತು?

5. ಟೆಂಪ್ಲರನ ಕಾಲ

1951ರ ಅಕ್ಟೋಬರ್ 6ರಂದು ಬ್ರಿಟಿಷ್ ಹೈಕಮಿಷನರ್ ಸರ್ ಹೆನ್ರಿ ಗರ್ನಿ ಬಂಡುಕೋರರ ಹೊಂಚುದಾಳಿಯಲ್ಲಿ ಸತ್ತನು. 1952ರ ಫೆಬ್ರವರಿಯಲ್ಲಿ ಜನರಲ್ ಜೆರಾಲ್ಡ್ ಟೆಂಪ್ಲರ್ ಬಂದನು. ಆಡಳಿತದ ಅಧಿಕಾರ, ಸೈನ್ಯದ ಅಧಿಕಾರ ಎರಡೂ ಆತನ ಒಂದೇ ಕೈಯಲ್ಲಿದ್ದವು. ಕಾಡಿಗೆ ಹೆಚ್ಚು ಸೈನಿಕರನ್ನು ಸುರಿಯುವುದರಲ್ಲಿ ಉತ್ತರವಿಲ್ಲ, ಜನರ ಹೃದಯದಲ್ಲಿಯೂ ಮನಸ್ಸಿನಲ್ಲಿಯೂ ಇದೆ ಎಂಬ ಅಭಿಪ್ರಾಯ ಆತನದಾಗಿ ಲೋಕದಲ್ಲಿ ಹಬ್ಬಿತು.

ಆದರೆ ಆತನು ಮೃದು ಮನುಷ್ಯನಲ್ಲ. 1952ರ ಮಾರ್ಚಿನಲ್ಲಿ ತಂಜೋಂಗ್ ಮಾಲಿಂ ಎಂಬ ಊರಿನ ಬಳಿ ನೀರಿನ ಕೊಳವೆಯನ್ನು ಸರಿಪಡಿಸಲು ಹೋದ ತಂಡದ ಮೇಲೆ ದಾಳಿಯಾಗಿ 12 ಜನ ಸತ್ತರು. ಊರಿನವರು ಯಾರೂ ಬಾಯಿ ಬಿಡಲಿಲ್ಲ. ಟೆಂಪ್ಲರ್ ಬಂದು ಊರಿನವರನ್ನು ಬೈದು, ದಿನಕ್ಕೆ 22 ಗಂಟೆ ಕರ್ಫ್ಯೂ ಹಾಕಿ, ಅಕ್ಕಿಯ ಪಡಿತರವನ್ನು ತಗ್ಗಿಸಿದನು. ಬಳಿಕ ಮನೆಮನೆಗೂ ಪ್ರಶ್ನೆಯ ಕಾಗದ ಹಂಚಿಸಿ, ಹೆಸರು ಬರೆಯದೆ ಗೊತ್ತಿದ್ದುದನ್ನು ಬರೆಯಿರೆಂದು ಹೇಳಿ, ಮುಚ್ಚಿದ ಪೆಟ್ಟಿಗೆಗಳಲ್ಲಿ ಸಂಗ್ರಹಿಸಿದರು. ಪೆಟ್ಟಿಗೆಗಳನ್ನು ಕೌಲಾಲಂಪುರದಲ್ಲಿ ಊರಿನ ಪ್ರತಿನಿಧಿಗಳ ಎದುರಿಗೇ ಒಡೆದರು. ಕೆಲವರ ಬಂಧನವಾಯಿತು, ಕರ್ಫ್ಯೂ ತೆಗೆದರು. ಅಪರಾಧ ಮಾಡಿದವನು ಯಾರೋ, ಉಪವಾಸ ಬಿದ್ದವರು ಊರಿನ ಮಕ್ಕಳು. ಇಂಗ್ಲೆಂಡಿನಲ್ಲಿಯೂ ಇದನ್ನು ಖಂಡಿಸಿದವರಿದ್ದರು.

ಹೀಗಿದ್ದರೂ ಸರ್ಕಾರವು ಇನ್ನೊಂದು ಕೈಯಿಂದ ಕೊಡುವುದನ್ನೂ ಕಲಿಯಿತು. ಹೊಸ ಹಳ್ಳಿಗಳಿಗೆ ನಿಧಾನವಾಗಿ ನೀರು, ಶಾಲೆ, ದವಾಖಾನೆ ಬಂದವು. ಹಿಂದೆ ನೆಲದ ಚೀಟಿಯೇ ಇಲ್ಲದವನಿಗೆ ಮನೆಯ ನಿವೇಶನ ದೊರೆಯಿತು. 1952ರಲ್ಲಿ ಊರಿನ ಚುನಾಯಿತ ಸಭೆಗಳಿಗೆ ಕಾನೂನಾಯಿತು. ಅದೇ ವರ್ಷ ಲಕ್ಷಾಂತರ ಚೀನೀಯರಿಗೆ ಪೌರತ್ವ ಸಿಕ್ಕಿತು. 1953ರಿಂದ ಶಾಂತವಾದ ಪ್ರದೇಶಗಳನ್ನು "ಬಿಳಿಯ ಪ್ರದೇಶ"ವೆಂದು ಸಾರಿ, ಕರ್ಫ್ಯೂ ಪಡಿತರಗಳನ್ನು ತೆಗೆದುಹಾಕಿದರು. ಬಂಡುಕೋರರನ್ನು ಊರಿಗೆ ಸೇರಿಸದಿದ್ದರೆ ನಮ್ಮ ಕಷ್ಟವೂ ತೀರುವುದೆಂದು ಜನ ಕಂಡುಕೊಂಡರು. ಹಣವೂ ಕೂಡಿಬಂತು, 1950ರಲ್ಲಿ ಕೊರಿಯಾ ಯುದ್ಧ ತೊಡಗಿ ರಬ್ಬರು, ತವರದ ಬೆಲೆ ಏರಿ ಖಜಾನೆ ತುಂಬಿತ್ತು.

ಎಲ್ಲಕ್ಕಿಂತ ಮುಖ್ಯವಾದುದು ಸ್ವಾತಂತ್ರ್ಯದ ಭರವಸೆ. 1955ರ ಚುನಾವಣೆಯಲ್ಲಿ ತುಂಕು ಅಬ್ದುಲ್ ರಹಮಾನರ ಮಿತ್ರಕೂಟವು 52 ಸ್ಥಾನಗಳಲ್ಲಿ 51ನ್ನು ಗೆದ್ದಿತು. ಆ ಡಿಸೆಂಬರಿನಲ್ಲಿ ಬಾಲಿಂಗ್ ಎಂಬ ಊರಿನ ಶಾಲೆಯೊಂದರಲ್ಲಿ ಚಿನ್ ಪೆಂಗನೊಡನೆ ಮಾತುಕತೆ ನಡೆದು ಮುರಿಯಿತು. 1957ರ ಆಗಸ್ಟ್ 31ರಂದು ಮಲಯ ಸ್ವತಂತ್ರವಾಯಿತು. ಪರಕೀಯರನ್ನು ಓಡಿಸುವುದೇ ಗುರಿಯೆಂದು ಹೇಳುತ್ತಿದ್ದ ಬಂಡಾಯದ ಕೈಯಿಂದ ಅದರ ದೊಡ್ಡ ಆಯುಧವೇ ಜಾರಿಹೋಯಿತು. 1960ರ ಜುಲೈ 31ರಂದು ತುರ್ತುಪರಿಸ್ಥಿತಿ ಮುಗಿಯಿತು. ಅಳಿದುಳಿದವರು ಥಾಯ್ ಗಡಿಯಲ್ಲಿ ಉಳಿದುಕೊಂಡು, ಕಡೆಯ ಒಪ್ಪಂದಕ್ಕೆ ಸಹಿ ಹಾಕಿದುದು 1989ರ ಡಿಸೆಂಬರ್ 2ರಂದು.

ಸತ್ತವರ ಲೆಕ್ಕ ಹೀಗಿದೆ: ಬಂಡುಕೋರರು ಸುಮಾರು 6,700, ಸೈನಿಕರೂ ಪೊಲೀಸರೂ ಸೇರಿ 1,865, ನಾಗರಿಕರು 2,478, ಕಾಣೆಯಾದವರು 810. ನಾಗರಿಕರ ಸಾವು ಸೈನಿಕರ ಸಾವಿಗಿಂತ ಹೆಚ್ಚು. ಸರ್ಕಾರದ ಗೆಲುವಾದ ಯುದ್ಧದ ಲೆಕ್ಕವಿದು.

6. ಬಂಡುಕೋರರು ಎಡವಿದುದು ಎಲ್ಲಿ?

ಸರ್ಕಾರದ ಜಾಣತನದಿಂದಲೇ ಎಲ್ಲವೂ ಆಯಿತೆಂದರೆ ಅರ್ಧಸತ್ಯ. ಬಂಡುಕೋರರು ಜನರ ಗುರುತಿನ ಚೀಟಿಗಳನ್ನು ಕಿತ್ತು ಹರಿದರು. ಬಸ್ಸುಗಳನ್ನು ಸುಟ್ಟರು. ರಬ್ಬರ್ ಮರಗಳನ್ನು ಕಡಿದರು. ಮರ ತೋಟದ ಸಾಹೇಬನದು ನಿಜ. ಆದರೆ ಆ ಮರದ ಹಾಲಿನಿಂದಲೇ ಕೂಲಿಯ ಒಲೆ ಉರಿಯಬೇಕು. ಬಸ್ಸು ಸುಟ್ಟರೆ ಸಾಹೇಬನು ಕಾರಿನಲ್ಲಿ ಹೋಗುತ್ತಾನೆ. ನಡೆದು ಹೋಗುವವನು ಬಡವ. 1951ರ ಅಕ್ಟೋಬರಿನಲ್ಲಿ ಅವರ ಪಕ್ಷವೇ ಈ ತಪ್ಪನ್ನು ಒಪ್ಪಿಕೊಂಡು, ಜನರಿಗೆ ತೊಂದರೆಯಾಗುವ ಕೃತ್ಯಗಳನ್ನು ನಿಲ್ಲಿಸಲು ಆಜ್ಞೆ ಮಾಡಿತು. ವೇಳೆ ಮೀರಿತ್ತು. ಇದಲ್ಲದೆ ಅವರ ಬಲವೆಲ್ಲ ಚೀನೀ ಸಮಾಜದಲ್ಲಿಯೇ ಇತ್ತು. ದೇಶದ ಮಲಯ್ ಜನರು ಹೆಚ್ಚಾಗಿ ಅವರಿಂದ ದೂರವೇ ಉಳಿದರು.

ಮಲಯವನ್ನು ಗೆದ್ದುದು ಮುಳ್ಳುತಂತಿಯೋ, ಮನಸ್ಸೊಲಿಸುವ ನೀತಿಯೋ ಎಂದು ಇತಿಹಾಸಕಾರರು ಇಂದಿಗೂ ವಾದಿಸುತ್ತಾರೆ. ಟೆಂಪ್ಲರ್ ಬರುವ ಮೊದಲೇ ಬ್ರಿಗ್ಸನ ಬಲವಂತದ ಕ್ರಮಗಳು ಬಂಡಾಯದ ಬೆನ್ನು ಮುರಿದಿದ್ದವು ಎಂಬುದು ಒಂದು ಪಕ್ಷ. ಪೌರತ್ವ, ಮತದಾನ, ಸ್ವಾತಂತ್ರ್ಯಗಳಿಲ್ಲದಿದ್ದರೆ ತಂತಿಯೊಳಗಿನ ಜನ ತಂತಿಯನ್ನೇ ಕಿತ್ತೆಸೆಯುತ್ತಿದ್ದರು ಎಂಬುದು ಇನ್ನೊಂದು ಪಕ್ಷ. ತಂತಿ ಬಂಡಾಯವನ್ನು ತಡೆಯಿತು, ರಾಜಕೀಯ ನ್ಯಾಯ ಅದನ್ನು ಮುಗಿಸಿತು ಎಂಬುದು ನಮ್ಮ ಅಲ್ಪಮತಿಗೆ ತೋರುವ ಮಾತು.

7. ಅದೇ ಮದ್ದು, ಬೇರೆ ರೋಗಿ

ಒಂದು ಊರಿನಲ್ಲಿ ಫಲಿಸಿದ ಮದ್ದನ್ನು ಇನ್ನೊಂದು ಊರಿಗೆ ಒಯ್ದರೆ ಏನಾಗುವುದೆಂಬುದಕ್ಕೆ ದಕ್ಷಿಣ ವಿಯೆಟ್ನಾಂ ಸಾಕ್ಷಿ. ಅಲ್ಲಿ ಎನ್ಗೋ ದಿನ್ ದಿಯೆಮ್ ಅಧ್ಯಕ್ಷನಾಗಿದ್ದನು. ಥಾಂಪ್ಸನ್ನನೇ 1961ರಲ್ಲಿ ಸಲಹೆಗಾರನಾಗಿ ಹೋದನು. 1962ರಿಂದ "ರಕ್ಷಿತ ಹಳ್ಳಿ"ಗಳ ಯೋಜನೆ ಅಮೆರಿಕದ ನೆರವಿನಿಂದ ಭರದಿಂದ ಸಾಗಿತು. ಮಲಯದಲ್ಲಿ 5 ಲಕ್ಷ ಜನರನ್ನು ಸಾಗಿಸಲು ವರ್ಷಗಳು ಹಿಡಿದಿದ್ದವು. ಇಲ್ಲಿ ಲಕ್ಷ ಲಕ್ಷ ಜನರ ಹೆಸರನ್ನು ತಿಂಗಳುಗಳಲ್ಲಿ ಕಾಗದದ ಮೇಲೆ ಏರಿಸಿದರು. ಮಲಯದ ಚೀನೀಯರಿಗೆ ಬಿಟ್ಟುಹೋಗಲು ಸ್ವಂತ ನೆಲವಿರಲಿಲ್ಲ. ಹೊಸ ಹಳ್ಳಿಯಲ್ಲಿಯೇ ನಿವೇಶನ ಸಿಕ್ಕಿತು. ವಿಯೆಟ್ನಾಮಿನ ರೈತನಿಗಾದರೋ ತಾತಮುತ್ತಾತಂದಿರ ಗದ್ದೆಯಿತ್ತು, ಅವರ ಸಮಾಧಿಗಳಿದ್ದವು. ಅವನ್ನು ಬಿಡಿಸಿ, ಬೇಲಿಯನ್ನೂ ಅವನ ಕೈಯಿಂದಲೇ ಕಟ್ಟಿಸಿದರು. ಬಂಡುಕೋರರು ಬೇಲಿಯ ಹೊರಗಿರಲಿಲ್ಲ. ಅವನ ಮಗನೋ ತಮ್ಮನೋ ಆಗಿ ಒಳಗೇ ಇದ್ದರು. ಯೋಜನೆಯನ್ನು ನಡೆಸಿದ ಅಧಿಕಾರಿಗಳಲ್ಲಿ ಮುಖ್ಯನಾದ ಫಾಮ್ ಎನ್ಗೋಕ್ ತಾವೋ ಎಂಬವನು ಕಮ್ಯೂನಿಸ್ಟರ ಗುಪ್ತಚರನಾಗಿದ್ದನೆಂದು ಆಮೇಲೆ ತಿಳಿಯಿತು! 1963ರ ನವೆಂಬರಿನಲ್ಲಿ ದಿಯೆಮ್ ಕೊಲೆಯಾದನು, ಯೋಜನೆಯೂ ಕುಸಿಯಿತು.

ಗಲುಲಾ ದುಡಿದ ಅಲ್ಜೀರಿಯದಲ್ಲಿ ಫ್ರೆಂಚರು 20 ಲಕ್ಷಕ್ಕೂ ಹೆಚ್ಚು ಜನರನ್ನು ಎಬ್ಬಿಸಿ ಶಿಬಿರಗಳಲ್ಲಿ ಇರಿಸಿದರು. 1957ರಲ್ಲಿ ಅಲ್ಜೀರ್ಸ್ ನಗರದಲ್ಲಿ ಬಂಡುಕೋರರ ಜಾಲವನ್ನು ಚಿತ್ರಹಿಂಸೆಯಿಂದ ಮುರಿದರು. ಸೈನ್ಯದ ಲೆಕ್ಕದಲ್ಲಿ ಗೆಲುವು. ಆದರೆ 1962ರಲ್ಲಿ ದೇಶವನ್ನೇ ಬಿಟ್ಟುಬಂದರು. ಗಲುಲಾನ ವಿಚಾರಗಳನ್ನು ಅಮೆರಿಕದ ಸೈನ್ಯ 2006ರ ತನ್ನ ಕೈಪಿಡಿಯಲ್ಲಿ ಮತ್ತೆ ಎತ್ತಿಕೊಂಡು ಅಫ್ಘಾನಿಸ್ಥಾನದಲ್ಲಿ ಪ್ರಯೋಗಿಸಿತು. 2021ರ ಆಗಸ್ಟ್ 15ರಂದು ಕಾಬೂಲು ತಾಲಿಬಾನರ ವಶವಾಯಿತು. ಸೂತ್ರ ತಪ್ಪಲ್ಲದಿರಬಹುದು; ಜನ ತಮ್ಮದೆಂದು ಒಪ್ಪುವ ಸರ್ಕಾರವಿಲ್ಲದೆಡೆ ಸೂತ್ರವನ್ನು ಕಟ್ಟಲು ಕಂಬವೇ ಇರುವುದಿಲ್ಲ.

8. ನಮ್ಮ ನೆಲದ ನೆನಪು

ಇದೆಲ್ಲ ದೂರದ ಮಾತೆಂದು ಕನ್ನಡಿಗರು ತಿಳಿಯಬೇಕಾಗಿಲ್ಲ. ಕಿತ್ತೂರು ಬಿದ್ದ ಬಳಿಕ ಸಂಗೊಳ್ಳಿ ರಾಯಣ್ಣನು 1829-30ರಲ್ಲಿ ಎಬ್ಬಿಸಿದ ಬಂಡಾಯ ಇದೇ ಜಾತಿಯದು. ಇನಾಂ ಭೂಮಿ ಕಳೆದುಕೊಂಡವರು, ಕಂದಾಯದ ಭಾರ ಹೊತ್ತವರು ಅವನ ಬೆನ್ನಿಗಿದ್ದರು. ಅವನು ಸುಟ್ಟುದು ಕಂಪನಿ ಸರ್ಕಾರದ ಕಚೇರಿಗಳನ್ನೂ ಅಲ್ಲಿನ ದಫ್ತರಗಳನ್ನೂ. ಕಾಡೂ ಹಳ್ಳಿಯೂ ಅವನನ್ನು ಬಚ್ಚಿಟ್ಟುಕೊಂಡಿರುವವರೆಗೆ ಕಂಪನಿಯ ಸೈನ್ಯಕ್ಕೆ ಅವನು ಸಿಗಲಿಲ್ಲ. ಸಿಕ್ಕಿದುದು ನಂಬಿದವರ ದ್ರೋಹದಿಂದ, 1830ರಲ್ಲಿ. 1831ರ ಜನವರಿ 26ರಂದು ನಂದಗಡದಲ್ಲಿ ಅವನನ್ನು ಗಲ್ಲಿಗೇರಿಸಿದರು.

ಸ್ವತಂತ್ರ ಭಾರತವೂ ಮಲಯದ ಮದ್ದನ್ನು ಒಮ್ಮೆ ಬಳಸಿತು. ಮಿಜೋ ಬೆಟ್ಟಗಳಲ್ಲಿ 1966ರಲ್ಲಿ ಬಂಡಾಯವೆದ್ದಾಗ, 1967ರ ಜನವರಿಯಿಂದ ಬೆಟ್ಟದ ಹಳ್ಳಿಗಳನ್ನು ಎಬ್ಬಿಸಿ ರಸ್ತೆಯ ಬದಿಯಲ್ಲಿ ಒಟ್ಟುಗೂಡಿಸಿದರು. ಕಡಿದು ಸುಟ್ಟು ಬೆಳೆ ತೆಗೆಯುವ ಅವರ ಕೃಷಿ ಊರಿನಿಂದ ದೂರವಾಗಿ ಕೆಟ್ಟಿತು. ಜನ ಪಡಿತರದ ಅಕ್ಕಿಗೆ ಕೈಯೊಡ್ಡಬೇಕಾಯಿತು. ಆ ನೋವಿನ ನೆನಪು ಅಲ್ಲಿ ಇಂದಿಗೂ ಇದೆ. ಬಂಡಾಯ ಕೊನೆಗೊಂಡುದು ಹಳ್ಳಿಗಳನ್ನು ಕೂಡಿಸಿದಾಗಲಲ್ಲ. 1986ರ ಜೂನ್ 30ರಂದು ಒಪ್ಪಂದವಾಗಿ, ಬಂಡಾಯದ ನಾಯಕ ಲಾಲ್‌ಡೆಂಗಾ ಮುಖ್ಯಮಂತ್ರಿಯಾಗಿ, 1987ರ ಫೆಬ್ರವರಿ 20ರಂದು ಮಿಜೋರಂ ಪೂರ್ಣ ರಾಜ್ಯವಾದಾಗ.

9. ಸಾರಾಂಶ

ಈ ಓದಿನಿಂದ ನಮಗೆ ತಿಳಿದುಬಂದ ಅಂಶಗಳು ಇಷ್ಟು. ಬಂಡಾಯ ಬದುಕುವುದು ಶ್ರೀಸಾಮಾನ್ಯನ ಅಕ್ಕಿಯಿಂದ, ಸುದ್ದಿಯಿಂದ, ಮೌನದಿಂದ. ಅವನ ಬೆಂಬಲ ಯಾವ ಪಕ್ಷಕ್ಕೂ ಪುಕ್ಕಟೆಯಲ್ಲ. ಕಾಪಾಡುವವನಿಗೆ ಅದು ದೊರೆಯುತ್ತದೆ, ಕಾಡುವವನಿಂದ ಜಾರುತ್ತದೆ. ಅವನನ್ನು ಬೇಲಿಯೊಳಗೆ ಕೂಡಿಹಾಕುವುದು ಸುಲಭ. ಬೇಲಿ ತೆಗೆದ ಮೇಲೂ ಅವನು ನಮ್ಮವನಾಗಿ ಉಳಿಯಬೇಕಾದರೆ ನೆಲ, ಮತ, ನ್ಯಾಯ ಕೊಡಬೇಕು.

ಈ ಲೇಖನವನ್ನು ಬರೆದು ಮುಗಿಸಿ, ನಮ್ಮ ಹಿರಿಯರಿಗೆ ತಮಿಳಿನಲ್ಲಿ ಓದಿ ಹೇಳಿದೆವು. ಸೂತ್ರಗಳನ್ನು ಕೇಳಿ ತಲೆದೂಗಿದರು. ಕಡೆಗೆ ಒಂದು ಮಾತು ಸೇರಿಸಿದರು. ಕಾಡಿನವರೂ ಒಂದು ರಾತ್ರಿ ಅವರ ಲೈನಿಗೆ ಬಂದು ಚಂದಾ ಕೇಳಿದ್ದರಂತೆ. ತಾಯಿ ಅವರಿಗೂ ಹೆದರಿ ಎರಡು ಡಾಲರು ಕೊಟ್ಟಿದ್ದರಂತೆ. "ರಾತ್ರಿ ಬಂದವರೂ ಜನರಿಗಾಗಿಯೇ ಎಂದರು, ಹಗಲು ಗೇಟಿನಲ್ಲಿ ನಿಂತವರೂ ಜನರಿಗಾಗಿಯೇ ಎಂದರು. ನಿನಗೆ ಏನು ಬೇಕಮ್ಮಾ ಎಂದು ನಮ್ಮಮ್ಮನನ್ನು ಯಾರೂ ಕೇಳಲಿಲ್ಲ, ತಂಬಿ" ಎಂದರು. ನಾವು ಓದಿದ ಪುಸ್ತಕಗಳಲ್ಲಿ ಈ ವಾಕ್ಯ ಇರಲಿಲ್ಲ.

ಅಭ್ಯಾಸಕ್ಕೆ ಪ್ರಶ್ನೆಗಳು

(ಮುಂದಿನ ಭಾನುವಾರ ಸಂಜೆಯ ಅಧ್ಯಯನ ಗೋಷ್ಠಿಯಲ್ಲಿ ಇವನ್ನು ಚರ್ಚಿಸಲಾಗುವುದು. ಹಿರಿಯರೂ ಬರಲು ಒಪ್ಪಿದ್ದಾರೆ. ಸದಸ್ಯರು ಮನೆಯ ಹೆಂಗಸರನ್ನೂ ಕರೆತರಬೇಕಾಗಿ ವಿನಂತಿ. ಪಡಿತರದ ಕಷ್ಟವನ್ನು ಅವರಷ್ಟು ಬಲ್ಲವರಿಲ್ಲ.)

1. ಮಲಯದಲ್ಲಿ ಫಲಿಸಿದ ಯೋಜನೆ ವಿಯೆಟ್ನಾಮಿನಲ್ಲಿ ಏಕೆ ಫಲಿಸಲಿಲ್ಲ? ಮೂರು ಕಾರಣಗಳನ್ನು ಹೇಳಿರಿ.

2. ಭಯದಿಂದ ಕೊಟ್ಟ ಬೆಂಬಲಕ್ಕೂ ಒಪ್ಪಿ ಕೊಟ್ಟ ಬೆಂಬಲಕ್ಕೂ ಇರುವ ವ್ಯತ್ಯಾಸವನ್ನು ಹೊರಗಿನವನು ಹೇಗೆ ತಿಳಿಯಬೇಕು?

3. ಒಬ್ಬನ ತಪ್ಪಿಗೆ ಊರಿಗೇ ಶಿಕ್ಷೆ ಕೊಡುವುದರಿಂದ ಸುದ್ದಿ ದೊರೆತರೂ, ಸರ್ಕಾರ ಕಳೆದುಕೊಳ್ಳುವುದೇನು?

4. ತಂಗಳನ್ನದ ಡಬ್ಬಿ ಹಿಡಿದ ಆ ಹೆಂಗಸನ್ನು ಗೇಟಿನಲ್ಲಿ ನಿಲ್ಲಿಸಿದವರು ನೀವೇ ಆಗಿದ್ದರೆ ಏನು ಮಾಡುತ್ತಿದ್ದಿರಿ? ಡಬ್ಬಿಯನ್ನು ಬಿಟ್ಟುಕೊಟ್ಟರೆ ಒದಗಬಹುದಾದ ಅಪಾಯವನ್ನೂ ಲೆಕ್ಕಕ್ಕೆ ತೆಗೆದುಕೊಂಡು ಉತ್ತರಿಸಿರಿ.